ತಾಂಡಾದ ಮಗು ಮತ್ತು ಛಕಾರ: ರೋಣ, ನರಗುಂದ, ಗಜೇಂದ್ರಗಡ ಪರಿಸರದಲ್ಲಿ ಲಂಬಾಣಿಯನ್ನು ಒಳಗೊಳ್ಳುವ ಪಠ್ಯಕ್ರಮ

ಸಾರಾಂಶ: ಲಂಬಾಣಿ ಮನೆಮಾತಿನ ಮಕ್ಕಳು ಕನ್ನಡ ಮಾಧ್ಯಮದ ತರಗತಿಯಲ್ಲಿ ಎದುರಿಸುವ ತೊಡಕುಗಳಲ್ಲಿ ಕೆಲವು ಭಾಷಾರಚನೆಯಿಂದಲೇ ಹುಟ್ಟಿದವು. ಸಂಸ್ಕೃತಿ ಪರಿಚಯದ ಪಾಠವೊಂದನ್ನು ಸೇರಿಸಿದ ಮಾತ್ರಕ್ಕೆ ಅವು ನೀಗುವುದಿಲ್ಲ. ಅಕ್ಷರಕ್ರಮ, ಬರವಣಿಗೆಯ ರೂಢಿ ಮತ್ತು ತಪ್ಪುಗಳ ಮೌಲ್ಯಮಾಪನ ಎಂಬ ಮೂರು ನೆಲೆಗಳಲ್ಲಿ ಬದಲಾವಣೆ ಅಗತ್ಯವೆಂದು ಇಲ್ಲಿ ವಾದಿಸಿದ್ದೇವೆ.

1. ಹಿನ್ನೆಲೆ

ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನು ಕನ್ನಡದ ಸೀಮೆಯೆಂದೇ ಗುರುತಿಸುತ್ತೇವೆ. ಆದರೆ ನರಗುಂದದ ಎರೆಭೂಮಿಯಿಂದ ಗಜೇಂದ್ರಗಡದ ಗುಡ್ಡದಂಚಿಗೆ ಬಂದರೆ ತಾಂಡಾಗಳು ಎದುರಾಗುತ್ತವೆ. ಅಲ್ಲಿ ಮಗು ಮೊದಲು ಕಲಿಯುವ ಮಾತು ಲಂಬಾಣಿ. ಇದು ರಾಜಸ್ಥಾನಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ. ಗ್ರಿಯರ್ಸನ್ನರ ಭಾಷಾ ಸಮೀಕ್ಷೆಯ ಒಂಬತ್ತನೆಯ ಸಂಪುಟದಲ್ಲಿ ಇದರ ವಿವರಣೆಯಿದೆ; ರೊನಾಲ್ಡ್ ಟ್ರೇಲ್ ಅವರು 1970ರಲ್ಲಿ ಇದರ ವ್ಯಾಕರಣವನ್ನು ಪ್ರಕಟಿಸಿದರು. 2011ರ ಜನಗಣತಿಯು ದೇಶದ ಸುಮಾರು 32.76 ಲಕ್ಷ ಲಂಬಾಣಿ ಭಾಷಿಕರನ್ನು ಹಿಂದಿಯ ಅಡಿಯಲ್ಲಿ ಎಣಿಸಿದೆ. ಹೀಗೆ ಅಂಕಿ-ಅಂಶದಲ್ಲಿ ಹಿಂದಿಯಾಗಿಯೂ ಶಾಲೆಯಲ್ಲಿ ಕನ್ನಡವಾಗಿಯೂ ಪರಿಗಣಿತವಾಗುವ ಈ ಭಾಷೆಗೆ ತನ್ನದೇ ಹೆಸರಿನಲ್ಲಿ ಪಠ್ಯಕ್ರಮದೊಳಗೆ ಪ್ರವೇಶ ಕಷ್ಟಸಾಧ್ಯವಾಗಿದೆ.

ಸಂವಿಧಾನದ 350ಎ ವಿಧಿ, 2009ರ ಶಿಕ್ಷಣ ಹಕ್ಕು ಕಾಯ್ದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರೂ ಮಾತೃಭಾಷೆಯ ಕಲಿಕೆಯನ್ನು ಎತ್ತಿಹಿಡಿಯುತ್ತವೆ. ಅವಿಭಜಿತ ಆಂಧ್ರಪ್ರದೇಶದಲ್ಲಿ 2004ರಲ್ಲಿ ಆರಂಭವಾದ ಬಹುಭಾಷಾ ಶಿಕ್ಷಣ ಯೋಜನೆಯ ಎಂಟು ಭಾಷೆಗಳಲ್ಲಿ ಬಂಜಾರವೂ ಒಂದಾಗಿತ್ತು. ಅಲ್ಲಿ ಈ ಸಮುದಾಯ ಪರಿಶಿಷ್ಟ ಪಂಗಡ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಆದಕಾರಣ ‘ಬುಡಕಟ್ಟು ಭಾಷೆ’ ಎಂಬ ಚೌಕಟ್ಟಿನಲ್ಲಿ ರೂಪುಗೊಳ್ಳುವ ಯೋಜನೆಗಳಿಂದ ನಮ್ಮ ತಾಂಡಾಗಳು ಸುಲಭವಾಗಿ ಹೊರಗುಳಿಯುತ್ತವೆ.

2. ಅಕ್ಷರಕ್ರಮ

ಕನ್ನಡದ ಆರಂಭಿಕ ಓದಿನಲ್ಲಿ ಮಹಾಪ್ರಾಣಗಳು ಕೊನೆಯ ಹಂತಕ್ಕೆ ಸರಿಯುವುದು ವಾಡಿಕೆ. ಆಡುಗನ್ನಡದಲ್ಲಿ ಅವು ಬಹುಮಟ್ಟಿಗೆ ಅಲ್ಪಪ್ರಾಣಗಳೊಡನೆ ಬೆರೆತುಹೋಗುವುದರಿಂದ ಕನ್ನಡದ ಮಗುವಿಗೆ ಈ ಕ್ರಮ ಸಮಂಜಸವೇ ಸರಿ. ಛಕಾರಕ್ಕೆ ಅದು ಕಾಣುವ ಉದಾಹರಣೆ ಹೆಚ್ಚೆಂದರೆ ‘ಛತ್ರಿ’. ಲಂಬಾಣಿಯಲ್ಲಾದರೋ ‘ಇರು’ ಎಂಬರ್ಥದ ಕ್ರಿಯಾಪದವೇ ‘ಛ’. ‘ತಾರೋ ನಾಮ್ ಕಾಂಯಿ ಛ?’ (ನಿನ್ನ ಹೆಸರೇನು?) ಎಂಬ ಮೊದಲ ಪ್ರಶ್ನೆಯಲ್ಲಿಯೇ ಅದು ಬರುತ್ತದೆ. ಒಂದು ಭಾಷೆಯಲ್ಲಿ ವಿರಳವಾದ ಅಕ್ಷರ ಇನ್ನೊಂದರಲ್ಲಿ ಅತ್ಯಂತ ಬಳಕೆಯದು. ಆದ್ದರಿಂದ ತಾಂಡಾ ಶಾಲೆಯ ಪ್ರವೇಶಿಕೆಯಲ್ಲಿ ಛ, ಘ ಮೊದಲಾದವು ಮುಂಚಿತವಾಗಿ ಬರಬೇಕು. ಆಗ ‘ಘರ್’ (ಮನೆ) ಎಂಬುದನ್ನು ಮಗು ತನ್ನ ಬಾಯಿಮಾತಿನಿಂದಲೇ ಓದಬಲ್ಲದು.

3. ಬರವಣಿಗೆಯ ರೂಢಿ

ಕನ್ನಡದ ಪದಗಳು ಪ್ರಾಯಃ ಸ್ವರಾಂತ; ಲಂಬಾಣಿಯಲ್ಲಿ ವ್ಯಂಜನಾಂತ ಪದಗಳು ಹೇರಳ. ಕನ್ನಡ ಲಿಪಿಯಲ್ಲಿ ‘ಘರ್’ ಎಂದು ಬರೆಯಬೇಕೋ ‘ಘರ’ ಎಂದೋ ಎಂಬುದು ತೀರ್ಮಾನವಾಗಬೇಕಾದ ವಿಷಯ. ಮೊದಲನೆಯದು ಉಚ್ಚಾರಕ್ಕೆ ನಿಷ್ಠ, ಎರಡನೆಯದು ಬರೆಯಲು ಸುಲಭ. ಓದಲು ಕಲಿಯುವ ಹಂತದಲ್ಲಿ ಉಚ್ಚಾರನಿಷ್ಠೆಯೇ ಮೇಲೆಂದು ನಾವು ಭಾವಿಸುತ್ತೇವೆ. ಕನ್ನಡ ಲಿಪಿಯಲ್ಲಿ ಬರೆದದ್ದನ್ನು ಕನ್ನಡದಂತೆಯೇ ಓದುವ ಅಭ್ಯಾಸ ಮಗುವಿಗೆ ಆಗತಾನೇ ಮೂಡುತ್ತಿರುತ್ತದೆ.

4. ತಪ್ಪೋ, ವ್ಯಾಕರಣವೋ?

ಲಂಬಾಣಿಯಲ್ಲಿ ಲಿಂಗ ಎರಡೇ. ‘ಮಾರೋ ಬೇಟಾ’, ‘ಮಾರಿ ಬೇಟಿ’ ಎಂದು ಸಂಬಂಧಸೂಚಕ ಸರ್ವನಾಮವೂ ನಾಮಪದದ ಲಿಂಗವನ್ನು ಅನುಸರಿಸುತ್ತದೆ. ಅಚೇತನ ವಸ್ತುಗಳೂ ಪುಲ್ಲಿಂಗ ಇಲ್ಲವೆ ಸ್ತ್ರೀಲಿಂಗ. ಕನ್ನಡದಲ್ಲಿ ‘ನನ್ನ ಮಗ’, ‘ನನ್ನ ಮಗಳು’ ಎನ್ನುವಾಗ ‘ನನ್ನ’ ಬದಲಾಗದು; ಅಚೇತನಕ್ಕೆ ನಪುಂಸಕಲಿಂಗವಿದೆ. ಹೀಗಾಗಿ ‘ಗಾಡಿ ಬಂತು’ ಎನ್ನಬೇಕಾದಲ್ಲಿ ಮಗು ‘ಗಾಡಿ ಬಂದಳು’ ಎಂದರೆ ಅದನ್ನು ಮಂದಬುದ್ಧಿಯ ಗುರುತೆಂದು ಭಾವಿಸಲಾಗದು. ಅದು ಮತ್ತೊಂದು ವ್ಯಾಕರಣದ ಕ್ರಮಬದ್ಧ ವರ್ಗಾವಣೆಯಾಗಿರಬಹುದು. ಇದನ್ನರಿಯದ ಶಿಕ್ಷಕರು ‘ಭಾಷೆಯಲ್ಲಿ ಹಿಂದುಳಿದಿದೆ’ ಎಂದು ದಾಖಲಿಸಿದರೆ ಆ ಮಾತು ಮಗುವನ್ನು ಮುಂದಿನ ತರಗತಿಗಳಿಗೂ ಹಿಂಬಾಲಿಸುತ್ತದೆ. ಕ್ರಿಯಾಪದ ಕೊನೆಗೆ ಬರುವ ವಾಕ್ಯಕ್ರಮ ಎರಡೂ ಭಾಷೆಗಳಿಗೆ ಸಮಾನ. ಕನ್ನಡದ ಕಲಿಕೆಗೆ ಇದು ಸಿದ್ಧ ಸೇತುವೆ.

5. ಸಮಾರೋಪ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅನಿಶಿನಾಬೆ ಸಮುದಾಯವು ನಡೆಸುವ ಓಜಿಬ್ವೆ ಮಾಧ್ಯಮದ ಶಾಲೆಗಳ ಮುಂದಿರುವ ಕಾರ್ಯ, ಮಕ್ಕಳ ಬಾಯಿಂದ ಜಾರಿದ ಭಾಷೆಯನ್ನು ಮರಳಿ ತರುವುದು. ನಮ್ಮ ತಾಂಡಾಗಳಲ್ಲಿ ಭಾಷೆ ಇನ್ನೂ ಮಕ್ಕಳ ಬಾಯಲ್ಲಿದೆ. ತೀಜ್ ಹಬ್ಬ, ಲೇಂಗಿ ಹಾಡು, ಸೇವಾಲಾಲರ ಕಥನ ಪಠ್ಯಕ್ಕೆ ಬರಲಿ. ಆದರೆ ಲಂಬಾಣಿಯಲ್ಲಿಯೇ ಬರಲಿ. ಹೆತ್ತವರು ದುಡಿಮೆಗೆಂದು ಗೋವಾ ಮೊದಲಾದೆಡೆಗೆ ವಲಸೆ ಹೋದಾಗ ಮಗುವಿನ ಶಾಲೆ ತಪ್ಪುತ್ತದೆ, ಕನ್ನಡದ ಒಡನಾಟ ತೆಳುವಾಗುತ್ತದೆ. ಯಾಡಿಯ (ತಾಯಿಯ) ಮಾತು ಮಾತ್ರ ಜೊತೆಯಲ್ಲಿರುತ್ತದೆ. ಆ ಮಾತಿನಲ್ಲಿ ಓದು ಬಂದಿದ್ದರೆ, ಮರಳಿದ ಮಗು ಕನ್ನಡದ ಅಕ್ಷರಗಳನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುವುದಿಲ್ಲ.