ಊರಿನ ಟಿಕೆಟಿನ ಪಾಯಿಂಟು: ಯಾವ ಖಾತೆಗೆ ಹಾಕಿಸೋಣ?



ಬೇಸಿಗೆ ರಜೆ ಹತ್ತಿರ ಬಂತೆಂದರೆ ಮಿಸಿಸಾಗಾ, ಬ್ರಾಂಪ್ಟನ್‌ನ ನಮ್ಮವರ ಮನೆಗಳಲ್ಲಿ ಊರಿನ ಟಿಕೆಟಿನದೇ ಮಾತು. ಎಷ್ಟಕ್ಕೆ ಸಿಕ್ಕಿತು ಎಂದು ಎಲ್ಲರೂ ಕೇಳುತ್ತೇವೆ. ಪಾಯಿಂಟು ಯಾವ ಖಾತೆಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಬೆಂಗಳೂರಿನಿಂದ ಅಣ್ಣನ ಫೋನು: "ಅಪ್ಪನ್ನ ಆಸ್ಪತ್ರೆಗೆ ಸೇರಿಸಿದೀವಿ, ಕೂಡಲೇ ಹೊರಡು." ಮರುದಿನದ ಟಿಕೆಟಿನ ಬೆಲೆ ನೋಡಿ ತಲೆ ತಿರುಗಿತು. ಪಾಯಿಂಟು ಇದೆಯಲ್ಲ ಎಂದುಕೊಂಡರೆ, ಹತ್ತು ವರ್ಷದ ಓಡಾಟವೆಲ್ಲ ನಾಲ್ಕು ಖಾತೆಗಳಲ್ಲಿ ಚದುರಿಹೋಗಿತ್ತು. ಎರಡರಲ್ಲಿ ಅವಧಿ ಮುಗಿದಿತ್ತು. ಉಳಿದವು ಅರ್ಧ ಟಿಕೆಟಿಗೂ ಸಾಲವು. ಸಾಲ ಮಾಡಿ ಹೋದೆ. ದೇವರ ದಯೆ, ಅಪ್ಪ ಚೇತರಿಸಿಕೊಂಡರು. ಆಮೇಲೆ ಕುಳಿತು ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಯಾವ ವಿಮಾನದಲ್ಲಿ ಹೋಗುತ್ತೇವೋ ಅದೇ ಕಂಪನಿಯ ಖಾತೆಗೆ ಪಾಯಿಂಟು ಹಾಕಿಸಬೇಕೆಂಬ ನಿಯಮವಿಲ್ಲ. 1997ರಲ್ಲಿ ಏರ್ ಕೆನಡಾ, ಲುಫ್ತಾನ್ಸಾ ಸೇರಿದಂತೆ ಐದು ಕಂಪನಿಗಳು ಸ್ಟಾರ್ ಅಲಯನ್ಸ್ ಕಟ್ಟಿದವು; ಏರ್ ಇಂಡಿಯಾ 2014ರಲ್ಲಿ ಸೇರಿತು. ಬ್ರಿಟಿಷ್ ಏರ್‌ವೇಸ್, ಕತಾರ್ ಏರ್‌ವೇಸ್ ಒನ್‌ವರ್ಲ್ಡ್ ಗುಂಪಿನವು. ಏರ್ ಫ್ರಾನ್ಸ್, ಕೆಎಲ್‌ಎಂ ಸ್ಕೈಟೀಮ್‌ನವು. ಎಮಿರೇಟ್ಸ್ ಯಾವ ಗುಂಪಿನಲ್ಲೂ ಇಲ್ಲ, ಆದರೆ 2022ರಲ್ಲಿ ಏರ್ ಕೆನಡಾ ಜೊತೆ ಒಪ್ಪಂದ ಮಾಡಿಕೊಂಡಿತು. ಪಿಯರ್ಸನ್‌ನಿಂದ ಫ್ರಾಂಕ್‌ಫರ್ಟ್‌ಗೆ ಏರ್ ಕೆನಡಾ, ಅಲ್ಲಿಂದ ಬೆಂಗಳೂರಿಗೆ ಲುಫ್ತಾನ್ಸಾ ಹಿಡಿದರೆ ಒಂದು ಕಡೆಗೇ ಸುಮಾರು 8,500 ಮೈಲಿ. ಎರಡೂ ವಿಮಾನಗಳನ್ನು ಏರ್ ಕೆನಡಾದ ಏರೋಪ್ಲಾನ್ ಖಾತೆಯೊಂದಕ್ಕೇ ಬರೆಸಬಹುದು.

ಖಾತೆ ಆರಿಸುವಾಗ ಇವಿಷ್ಟನ್ನು ನೋಡಿ:

1. ಗುಂಪು: ಮುಂದಿನ ಐದಾರು ವರ್ಷ ಯಾವ ದಾರಿಯಲ್ಲಿ ಹೆಚ್ಚು ಓಡಾಡುತ್ತೀರಿ ಎಂದು ಯೋಚಿಸಿ, ಆ ಗುಂಪಿನ ಒಂದೇ ಖಾತೆ ಹಿಡಿಯಿರಿ. ಗುಂಪು ಬದಲಿಸುವ ಕಂಪನಿಗಳೂ ಉಂಟು. ಎಸ್‌ಎಎಸ್ 2024ರಲ್ಲಿ ಸ್ಟಾರ್ ಬಿಟ್ಟು ಸ್ಕೈಟೀಮ್ ಸೇರಿತು.

2. ಟಿಕೆಟಿನ ಅಕ್ಷರ: ಎಕಾನಮಿ ಟಿಕೆಟುಗಳಲ್ಲೂ ವೈ, ಕ್ಯೂ, ಕೆ ಹೀಗೆ ಬೇರೆ ಬೇರೆ ದರ್ಜೆಗಳಿರುತ್ತವೆ. ತೀರಾ ಅಗ್ಗದ ದರ್ಜೆಗೆ ಕೆಲವು ಖಾತೆಗಳು ಅತಿ ಕಡಿಮೆ, ಕೆಲವು ಸೊನ್ನೆ ಕೊಡುತ್ತವೆ. ಟಿಕೆಟ್ ಕೊಳ್ಳುವ ಮುನ್ನ ಆ ಖಾತೆಯ ಪಟ್ಟಿ ನೋಡಿ.

3. ಅವಧಿ: ಏರೋಪ್ಲಾನ್‌ನಲ್ಲಿ ಸಾಮಾನ್ಯವಾಗಿ 18 ತಿಂಗಳು ಯಾವ ವ್ಯವಹಾರವೂ ಇಲ್ಲದಿದ್ದರೆ ಪಾಯಿಂಟು ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋಗುವ ನಮ್ಮಂಥವರಿಗೆ ಇದೇ ದೊಡ್ಡ ಹೊಡೆತ. ನಡುವೆ ಒಂದಿಷ್ಟು ಪಾಯಿಂಟು ಗಳಿಸಿದರೂ ಖಾತೆ ಜೀವಂತ.

4. ಮನೆಮಂದಿ: ಏರೋಪ್ಲಾನ್‌ನಲ್ಲಿ ಒಂದು ಕುಟುಂಬದ 8 ಮಂದಿಯವರೆಗೆ ಪಾಯಿಂಟು ಒಟ್ಟುಗೂಡಿಸಬಹುದು. ಮಕ್ಕಳ ಹೆಸರಿನಲ್ಲೂ ಖಾತೆ ತೆರೆಯಿರಿ.

5. ಬೋರ್ಡಿಂಗ್ ಪಾಸ್: ಪಾಯಿಂಟು ಖಾತೆಗೆ ಬರುವವರೆಗೂ ಎಸೆಯಬೇಡಿ. ಬರದಿದ್ದರೆ ಕೇಳಲು ಅದೇ ಆಧಾರ.

ಇನ್ನೊಂದು ಮಾತು. ಪಾಯಿಂಟಿನ ಆಸೆಗೆ ಇನ್ನೂರು ಡಾಲರ್ ಹೆಚ್ಚು ಕೊಡಬೇಡಿ. ಪಾಯಿಂಟು ಇದ್ದರೂ ಬೇಕಾದ ದಿನ ಸೀಟು ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ಆದರೆ ಎಲ್ಲವೂ ಒಂದೇ ಕಡೆ ಇದ್ದರೆ ಹಲವು ಕಂಪನಿಗಳ ವಿಮಾನಗಳಲ್ಲಿ ಸೀಟು ಹುಡುಕಬಹುದು.

ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಹನಿಗಳು ಒಂದೇ ಕಡೆ ಬೀಳಬೇಕು, ಅಷ್ಟೇ. ಅಪ್ಪ ಅಮ್ಮ ಊರಿನಲ್ಲಿರುವ ನಮಗೆಲ್ಲ ಅಂಥ ಫೋನು ಯಾವಾಗ ಬರುತ್ತದೋ ಹೇಳಲಾಗದು. ಈ ವಾರಾಂತ್ಯ ನಿಮ್ಮ ಖಾತೆಗಳನ್ನೊಮ್ಮೆ ತೆರೆದು ನೋಡಿ.

ಶುಭ ಪ್ರಯಾಣ!