ಬೆಂಕಿ ಕಂಡರೆ ಬಂದಳಿಕೆ ಓಡೀತೆ?

ಮಾಘ ಮಾಸದಲ್ಲಿ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿ. ಮಳೆಗಾಲದಲ್ಲಿ ಹಸಿರು ಹೊದ್ದಿದ್ದ ಗುಡ್ಡಗಳಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ಮರಗಳು ಎಲೆ ಉದುರಿಸಿರುತ್ತವೆ. ಒಂದು ಬೀಡಿಯ ಕಿಡಿ ಸಾಕು! ಇಂಥ ಒಣ ಕಾಡುಗಳಲ್ಲಿ ಬೇಸಿಗೆಗೆ ಮೊದಲೇ ಅರಣ್ಯ ಇಲಾಖೆಯವರು ಉದ್ದನೆಯ ಪಟ್ಟಿಯಲ್ಲಿ ಹುಲ್ಲು ಸವರಿ ತಾವೇ ಸುಟ್ಟುಬಿಡುವುದುಂಟು. ಇದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ. ಕಾಳ್ಗಿಚ್ಚು ಅಲ್ಲಿಗೆ ಬಂದಾಗ ಸುಡಲು ಏನೂ ಉಳಿದಿರುವುದಿಲ್ಲ.

ಬೆಂಕಿಯಿಂದ ಬೆಂಕಿಯನ್ನು ತಡೆಯಬಹುದು, ಸರಿ. ಮರಕ್ಕೆ ಅಂಟಿದ ಪೀಡೆಯನ್ನೂ ತಡೆಯಬಹುದೆ? ಹೌದೆನ್ನುವವರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು.

ಅವರು ಹಿಂದೆ ಬೇಸಿಗೆಯ ಆರಂಭದಲ್ಲೇ ಕಾಡಿನ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದರ ಹೆಸರೇ ತರಗು ಬೆಂಕಿ. ನೆಲದಲ್ಲಿ ಇನ್ನೂ ಪಸೆ ಇರುವ ಕಾಲವಾದ್ದರಿಂದ ಅದು ನೆಲದ ಮೇಲೇ ಹರಿದು ಆರಿಹೋಗುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ನಿಂತಿತು. ಆಮೇಲೆ ಹಿರಿಯರು ಗಮನಿಸಿದ ಸಂಗತಿಯೆಂದರೆ ನೆಲ್ಲಿಯ ಮರಗಳ ಮೇಲೆ ಬಂದಳಿಕೆ ಹೆಚ್ಚಿತು. ಅವರ ಮಾತಿನಲ್ಲಿ ಅದು ಉಪ್ಪಿಲು.

ಬಂದಳಿಕೆಯ ಎಲೆ ಹಸಿರಾಗಿಯೇ ಇರುತ್ತದೆ, ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ನೀರು ಮತ್ತು ಲವಣ ಮಾತ್ರ ಆಸರೆ ಕೊಟ್ಟ ಮರದ್ದು! ಅದರ ಬೀಜಕ್ಕೆ ಅಂಟಿರುತ್ತದೆ. ಹಣ್ಣು ತಿಂದ ಪುಟ್ಟ ಹಕ್ಕಿಗಳು ಅದನ್ನು ಇನ್ನೊಂದು ಕೊಂಬೆಗೆ ಅಂಟಿಸಿ ಹಾರುತ್ತವೆ. ತರಗು ಬೆಂಕಿಯ ಶಾಖ, ಹೊಗೆ ತಗುಲಿದರೆ ಈ ಎಳೆಯ ಬಂದಳಿಕೆ ಸಾಯುತ್ತದೆ, ದಪ್ಪ ತೊಗಟೆಯ ನೆಲ್ಲಿ ಉಳಿಯುತ್ತದೆ ಎಂಬುದು ಸೋಲಿಗರ ವಾದ.

ಬಂದಳಿಕೆ ಹತ್ತಿದ ನೆಲ್ಲಿ ಕಡಿಮೆ ಕಾಯಿ ಬಿಡುತ್ತದೆಂಬುದನ್ನು ಸಂಶೋಧಕರೂ ಅಳೆದು ಕಂಡಿದ್ದಾರೆ. ಆದರೆ ಬೆಂಕಿ ನಿಂತದ್ದೊಂದೇ ಕಾರಣವೆ? ಕಾಯಿ ಕೀಳುವಾಗ ಸೋಲಿಗರು ಉಪ್ಪಿಲು ಹತ್ತಿದ ಕೊಂಬೆಯನ್ನು ಕಡಿದು ಹಾಕುತ್ತಿದ್ದರು. ವನ್ಯಧಾಮದಲ್ಲಿ ಕಾಯಿ ಕೀಳುವುದಕ್ಕೆ ನಿಷೇಧ ಬಂದ ಮೇಲೆ ಆ ಕೆಲಸವೂ ನಿಂತಿತು. ಅರಣ್ಯ ಇಲಾಖೆಯ ಅಳುಕನ್ನೂ ತಳ್ಳಿಹಾಕುವಂತಿಲ್ಲ. ವರ್ಷ ವರ್ಷವೂ ಸುಟ್ಟರೆ ನೆಲ್ಲಿಯ ಸಸಿಗಳೇ ಬೆಂದುಹೋದಾವು.

ಕೀಟದ ಮಾತು ಬಂದರೆ ಬೆಂಕಿ ತನ್ನ ಇನ್ನೊಂದು ಮುಖ ತೋರಿಸುತ್ತದೆ. ಅಮೆರಿಕದ ಪಶ್ಚಿಮ ಭಾಗದ ಪೈನ್ ಕಾಡುಗಳಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ದುಂಬಿ ತೊಗಟೆ ಕೊರೆದು ಮರವನ್ನೇ ಕೊಲ್ಲುತ್ತದೆ. ಗಟ್ಟಿಮುಟ್ಟಾದ ಪೈನ್ ರಾಳ ಒಸರಿ ದುಂಬಿಯನ್ನು ಮುಳುಗಿಸುತ್ತದೆ. ಅಲ್ಲಿನವರೂ ಬೇಕೆಂದೇ ಬೆಂಕಿ ಇಡುತ್ತಾರೆ. ಬೆಂಕಿಯಲ್ಲಿ ಬಾಡಿದ ಮರಕ್ಕೆ ರಾಳ ಸುರಿಸುವ ಶಕ್ತಿ ಸಾಲದು, ಒಂದೆರಡು ವರ್ಷ ಅದರ ಮೇಲೆ ದುಂಬಿಗಳ ಹಾವಳಿ. ಮುಂದೆ, ಪೈಪೋಟಿ ತಗ್ಗಿ ನೀರು, ಬೆಳಕು ಹೆಚ್ಚು ದೊರೆತು ಉಳಿದ ಮರಗಳು ಬಲಿಯುತ್ತವೆ. ಹಳೆಯ ಮರಗಳ ಬುಡದ ತರಗನ್ನು ಮೊದಲೇ ಕೆರೆದು ತೆಗೆದು ಬೆಂಕಿ ಇಡುವ ರೂಢಿ ಬಂದದ್ದು ಇದಕ್ಕಾಗಿಯೇ.

ಹಾಗಾದರೆ ಪ್ರಶ್ನೆ ಬೆಂಕಿ ಬೇಕೆ ಬೇಡವೆ ಎಂಬುದಲ್ಲ, ಯಾವಾಗ, ಎಷ್ಟು ಎಂಬುದು. ಬಿಳಿಗಿರಿಯಲ್ಲಿ ಈಗ ಲಂಟಾನ ಪೊದೆ ಹಬ್ಬಿದೆ. ಅದರ ನಡುವೆ ಹತ್ತಿದ ಬೆಂಕಿ ನೆಲದ ಮೇಲೆ ನಿಲ್ಲದು, ಏಣಿ ಹತ್ತಿದಂತೆ ಮರದ ತಲೆಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದದ್ದು ನೆನಪಿರಬಹುದು. 2011ರಲ್ಲಿ ಅರಣ್ಯ ಹಕ್ಕು ಪತ್ರ ಪಡೆದ ಸೋಲಿಗರ ಹಿರಿಯರು ತರಗು ಬೆಂಕಿ ಮತ್ತೆ ಬರಲಿ ಎನ್ನುತ್ತಲೇ ಬಂದಿದ್ದಾರೆ. ಆದರೆ ಲಂಟಾನ ಕೀಳದೆ ಬೆಂಕಿ ಇಡುವುದು ಅಪಾಯ.

ಮಕ್ಕಳೇ, ಇದನ್ನು ಓದಿ ಕಡ್ಡಿ ಗೀರಲು ಹೊರಡಬೇಡಿ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಇಡುವುದು ಶಿಕ್ಷಾರ್ಹ ಅಪರಾಧ. ಬಂದಳಿಕೆ ನೋಡಲು ಕಾಡಿಗೇ ಹೋಗಬೇಕಿಲ್ಲ. ಕಂಪ್ಲಿಯಲ್ಲಾಗಲಿ ಹಂಪಿಯ ಸುತ್ತಲಾಗಲಿ ಹಳೆಯ ಮಾವಿನ ಮರವಿದ್ದರೆ ತಲೆಯೆತ್ತಿ ನೋಡಿ. ಎಲೆ ಬೇರೆ ಬಗೆಯದಾಗಿರುವ ಪೊದೆ ಕಂಡರೆ ಅದು ಬಂದಳಿಕೆಯೇ ಇದ್ದೀತು. ಹಣ್ಣಾಗುವ ಮೊದಲೇ, ಅದು ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ಕೊಂಬೆಯನ್ನು ದೊಡ್ಡವರಿಂದ ಕಡಿಸಿ.