ಪೆನ್‌ಡ್ರೈವ್ ತೆರೆಯದಿದ್ದರೆ ಗಾಬರಿ ಬೇಡ, 'ಫಾರ್ಮ್ಯಾಟ್' ಒತ್ತಬೇಡಿ



ಮುಂಡರಗಿ ಸೀಮೆಯ ಚಳಿಯಲ್ಲಿ ನಸುಕಿಗೆ ಎದ್ದು, ಸಗಣಿ ಬಳಿದು, ಮೇವು ಹಾಕಿ, ಹಾಲು ಹಿಂಡಿ ಡೇರಿಗೆ ಒಯ್ಯುವವರು ನೀವು. ಸಂಘದಲ್ಲಿ ಕಂಪ್ಯೂಟರ್ ಇದ್ದರೆ ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲವೂ ನಿಮ್ಮ ಸದಸ್ಯ ಸಂಖ್ಯೆಯ ಎದುರು ದಾಖಲಾಗುತ್ತವೆ. ಆ ಲೆಕ್ಕವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೇರೆ ಕಡೆ ಒಯ್ಯುವುದೂ ಉಂಟು. ಬಟವಾಡೆ ಹತ್ತಿರ ಬಂದಾಗಲೇ ಅದು ತೆರೆಯದಿದ್ದರೆ ಏನು ಮಾಡಬೇಕು? ಕಾರ್ಯದರ್ಶಿ, ಹಾಲು ಪರೀಕ್ಷಕಿಯರಷ್ಟೇ ಅಲ್ಲ, ಹಾಲು ಹಾಕುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು.

ಮೊದಲು ಸುಲಭದ್ದನ್ನು ನೋಡಿ

ಪೆನ್‌ಡ್ರೈವ್ ತೆಗೆದು, ಒಣ ಬಟ್ಟೆಯಿಂದ ತುದಿಯನ್ನು ಒರೆಸಿ. ಹಸಿ ಕೈಯಿಂದ ಮುಟ್ಟಬೇಡಿ, ಪಿನ್ನಿನಿಂದ ಕೆರೆಯಬೇಡಿ. ಕಂಪ್ಯೂಟರಿನ ಮುಂದಿನ ಕಿಂಡಿ ಸಡಿಲವಾಗಿದ್ದರೆ ಹಿಂಬದಿಯ ಕಿಂಡಿಗೆ ಹಾಕಿ. ಆಗದಿದ್ದರೆ ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿ.

ನಂತರ ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲಿ ತೆರೆದರೆ ದೋಷ ನಿಮ್ಮ ಕಂಪ್ಯೂಟರಿನದು. ತೆರೆದ ಕೂಡಲೇ ಮೊದಲು ಲೆಕ್ಕದ ಫೈಲನ್ನು ನಕಲು ಮಾಡಿಕೊಳ್ಳಿ, ಉಳಿದದ್ದು ಆಮೇಲೆ.

ದೀಪ ಹತ್ತಿದರೂ ಪರದೆಯ ಮೇಲೆ ಪೆನ್‌ಡ್ರೈವ್ ಕಾಣದಿದ್ದರೆ, 'ಸ್ಟಾರ್ಟ್' ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಅಲ್ಲಿ ಅದು ಅಕ್ಷರವಿಲ್ಲದೆ ಕಂಡರೆ ಒಂದು ಅಕ್ಷರ ಕೊಟ್ಟರೆ ಸಾಕು. 'ನೋ ಮೀಡಿಯಾ' ಎಂದಿದ್ದರೆ ಒಳಗಿನ ಚಿಪ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಮತ್ತೆ ಬಳಸಬೇಡಿ.

ಫಾರ್ಮ್ಯಾಟ್ ಎಂದರೆ ಏನು?

ಕೆಲವೊಮ್ಮೆ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬರುತ್ತದೆ. ಬರೆಯುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತರೆ ಅಥವಾ ಕರೆಂಟ್ ಹೋದರೆ ಹೀಗಾಗಬಹುದು. ಆಗ 'ಕ್ಯಾನ್ಸಲ್' ಒತ್ತಿ. ಲೆಕ್ಕದ ಪುಸ್ತಕದಲ್ಲಿ ಪರಿವಿಡಿಯ ಹಾಳೆ ಹರಿದಿದೆ, ಒಳಗಿನ ಪುಟಗಳು ಇನ್ನೂ ಇವೆ ಎಂದುಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಹಳೆಯ ಪರಿವಿಡಿ ಹೋಗುತ್ತದೆ. ಅದರ ಮೇಲೆ ಹೊಸದನ್ನು ಬರೆದರೆ ಹಳೆಯ ಪುಟಗಳೂ ಅಳಿಯುತ್ತವೆ. ಆ ಪೆನ್‌ಡ್ರೈವ್‌ಗೆ ಏನನ್ನೂ ಹಾಕದೆ ತಿಳಿದವರ ಕೈಗೆ ಕೊಟ್ಟರೆ ಫೈಲು ಮರಳಿ ಸಿಗಬಹುದು.

ಫೈಲುಗಳೆಲ್ಲ 'ಶಾರ್ಟ್‌ಕಟ್' ಆಗಿ ಕಂಡರೆ ಅದು ಹೆಚ್ಚಾಗಿ ವೈರಸ್ ಕೆಲಸ. ಅವುಗಳನ್ನು ಒತ್ತಬೇಡಿ. ಆಂಟಿವೈರಸ್ ಹಾಕಿ ತಪಾಸಣೆ ಮಾಡಿಸಿ. ಮೂಲ ಫೈಲುಗಳು ಸಾಮಾನ್ಯವಾಗಿ ಅದರಲ್ಲೇ ಅಡಗಿರುತ್ತವೆ.

ಮೂಲ ಲೆಕ್ಕ ಎಲ್ಲಿದೆ?

ಪೆನ್‌ಡ್ರೈವ್ ಹಾಲಿನ ಕ್ಯಾನ್ ಇದ್ದಂತೆ, ಸಾಗಿಸಲಿಕ್ಕೆ ಮಾತ್ರ. ಮೂಲ ಲೆಕ್ಕ ಸಂಘದ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಬೇರೆ ಪೆನ್‌ಡ್ರೈವ್‌ಗೆ ಮತ್ತೆ ನಕಲು ಮಾಡಿದರಾಯಿತು. ಅದಕ್ಕಾಗಿ ಸಂಘದಲ್ಲಿ ಈ ನಾಲ್ಕು ಪದ್ಧತಿ ಇರಲಿ:

• ಡೇರಿಯ ಪೆನ್‌ಡ್ರೈವ್ ಬೇರೆಯೇ ಇರಲಿ. ಹಾಡು, ಫೋಟೊ, ಮದುವೆ ವಿಡಿಯೊ ಅದಕ್ಕೆ ಹಾಕಬೇಡಿ.
• ತೆಗೆಯುವ ಮೊದಲು 'ಇಜೆಕ್ಟ್' ಒತ್ತಿ.
• ಎರಡು ಪೆನ್‌ಡ್ರೈವ್‌ಗಳಲ್ಲಿ ನಕಲು ಇಟ್ಟು, ಒಂದನ್ನು ಸಂಘದ ಬೀರುವಿನಲ್ಲಿಡಿ.
• ದಿನದ ಲೆಕ್ಕವನ್ನು ಕಾಗದದ ಮೇಲೂ ಮುದ್ರಿಸಿಡಿ.

ನಿಮ್ಮ ಕೈಯಲ್ಲಿರುವ ಚೀಟಿ

ಬೆಳಿಗ್ಗೆ 4 ಲೀಟರ್, ಸಂಜೆ 3 ಲೀಟರ್ ಹಾಕುವ ತಾಯಿಗೆ 15 ದಿನಕ್ಕೆ 105 ಲೀಟರ್ ಆಯಿತು. ಹಾಲಿನ ದರ ಬೇರೆ, ಪ್ರೋತ್ಸಾಹಧನ ಲೀಟರಿಗೆ ₹5 ಎಂದು ಹಿಡಿದರೆ ಅದೇ ₹525 ಆಗುತ್ತದೆ. ಇದೆಲ್ಲ ನಿಂತಿರುವುದು ಆ ಲೆಕ್ಕದ ಮೇಲೆ. ಆದ್ದರಿಂದ ಹೊತ್ತಿಗೊಂದು ಚೀಟಿ ಕೇಳಿ ಪಡೆಯಿರಿ. ಬಟವಾಡೆ ಆಗಿ ತಾಳೆ ನೋಡುವವರೆಗೆ ಬಿಸಾಡಬೇಡಿ. ಚೀಟಿಯ ಅಕ್ಷರ ಬೇಗ ಮಾಸುವುದರಿಂದ ಪಾಸ್‌ಬುಕ್ಕಿನಲ್ಲೋ ಮಕ್ಕಳ ನೋಟ್‌ಬುಕ್ಕಿನಲ್ಲೋ ಬರೆಸಿಡಿ. ಯಂತ್ರ ಕೈಕೊಟ್ಟ ದಿನ ನಿಮ್ಮ ಮಾತಿಗೆ ಅದೇ ಆಧಾರ.

ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. ಅಂದಿನಿಂದ ಇಂದಿನವರೆಗೆ ಸಹಕಾರ ನಡೆದಿರುವುದು ಸದಸ್ಯರ ನಂಬಿಕೆಯಿಂದ. ಆ ನಂಬಿಕೆಗೆ ಲೆಕ್ಕ ಚೊಕ್ಕವಾಗಿರಬೇಕು. ಮುಂದಿನ ಸಭೆಯಲ್ಲಿ ಸಂಕೋಚಪಡದೆ ಕೇಳಿ: "ನಮ್ಮ ಹಾಲಿನ ಲೆಕ್ಕದ ಎರಡನೇ ನಕಲು ಎಲ್ಲಿದೆ?"